ಬಿಚ್ಚಿ ಹೊಲಿದ ಗುಂಡಿಗಳು

ನಾಲ್ಕು ತೂತಿನ ಗುಂಡಿಯನ್ನು ಬಟ್ಟೆಗೆ ಹೊಲಿಯುವಾಗ ದಾರ ಯಾವ ದಾರಿ ಹಿಡಿಯಬೇಕು ಎಂಬುದು ಮನುಕುಲದ ಮುಂದಿರುವ ಗಂಭೀರ ಪ್ರಶ್ನೆಗಳಲ್ಲಿ ಒಂದು. ಜೋಡಿಗೆರೆಯಾಗಿ ಹೋಗಬೇಕು ಎನ್ನುವವರದು ಒಂದು ಪಂಥ. ಕತ್ತರಿಯಂತೆ ಒಂದರ ಮೇಲೊಂದು ಹಾಯಬೇಕು ಎನ್ನುವವರದು ಇನ್ನೊಂದು. ತನ್ನ ಎದೆಯ ಮೇಲೆಯೇ ನಡೆಯುತ್ತಿರುವ ಈ ಮತಭೇದದ ಅರಿವಿಲ್ಲದೆ ಜಗತ್ತು ಅಂಗಿ ತೊಟ್ಟುಕೊಂಡು ತನ್ನ ಪಾಡಿಗೆ ಓಡಾಡುತ್ತಿದೆ, ಪಾಪ. ಆದರೆ ಕ್ಷೌರದಂಗಡಿಯ ಎದುರಿಗಿದ್ದ ದರ್ಜಿಯ ಮನೆಯಲ್ಲಿ ಎರಡೂ ಪಂಥಗಳು ಒಂದೇ ಸೂರಿನ ಕೆಳಗೆ ಬಾಳುತ್ತಿದ್ದವು. ದರ್ಜಿ ಜೋಡಿಗೆರೆಯವನು, ಅವನ ತಾಯಿ ಕತ್ತರಿಯವಳು. ಇಬ್ಬರೂ ಈ ವಿಷಯದಲ್ಲಿ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದರಿಂದ ಮನೆ ಶಾಂತವಾಗಿತ್ತು. ಮೂರನೆಯ ಪಂಥವೊಂದು ಹುಟ್ಟಿದಾಗ ಅಲ್ಲಾಡಿತು.

ಮೂರನೆಯ ಪಂಥದ ಸ್ಥಾಪಕಿ ದರ್ಜಿಯ ಮಗಳು, ಹದಿಮೂರರ ಹುಡುಗಿ. ಅವಳು ಹುಟ್ಟಿದಾಗ ಡಾಕ್ಟರು ಒಂದು ಉದ್ದನೆಯ ಹೆಸರು ಹೇಳಿದ್ದರು. ಮನೆಯವರು ಕಾಲಕ್ರಮದಲ್ಲಿ ಅದನ್ನು ‘ನಿಧಾನ’ ಎಂಬ ಒಂದೇ ಮಾತಿಗೆ ಇಳಿಸಿಕೊಂಡಿದ್ದರು. ನಡೆದದ್ದು ನಿಧಾನ, ಮಾತು ಬಂದದ್ದು ನಿಧಾನ, ಬೆರಳುಗಳಂತೂ ಒಂದನ್ನೊಂದು ಕೇಳಿಕೊಂಡೇ ಕದಲುತ್ತಿದ್ದವು. ಬೆಳಿಗ್ಗೆ ಎಲ್ಲರೂ ತಿಂದೆದ್ದು ಕೈ ತೊಳೆದ ಮೇಲೂ ಒಬ್ಬಳೇ ಕುಳಿತು ಬ್ರೆಡ್ಡಿನ ಅಂಚನ್ನು ಒಂದೇ ಪಟ್ಟಿಯಾಗಿ ಬಿಡಿಸುತ್ತಿದ್ದುದನ್ನು ನೋಡಿ ಅಜ್ಜಿ ಒಮ್ಮೆ, “ದೊರೆಸಾನಿಗೆ ಯಾವ ಅವಸರವೂ ಇಲ್ಲ,” ಎಂದಿದ್ದಳು. ಆ ಹೆಸರೇ ನಿಂತಿತು.

ಅವಳು ಹೋಗುತ್ತಿದ್ದ ವಿಶೇಷ ಶಾಲೆಯ ಟೀಚರ್ ಪೋಷಕರ ಸಭೆಯಲ್ಲಿ ಹೇಳಿದ್ದು ಇಷ್ಟು: “ಇವಳಿಗೆ ಬೇಕಾಗಿರೋದು ಆತ್ಮವಿಶ್ವಾಸ. ಆಟದ ಕೆಲಸ ಬೇಡ. ಮನೇಲಿ ನಿಜವಾದ ಕೆಲಸ ಒಂದನ್ನ ಪೂರ್ತಿ ಅವಳಿಗೇ ಬಿಡಿ. ಮೆಚ್ಚಿಕೊಳ್ಳಿ.”

ಮನೆಯವರು ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ‘ಪೂರ್ತಿ’ ಎಂಬುದು ಬರುವ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು.

ಸಂಜೆ ಊಟದ ಮೇಜಿನಲ್ಲಿ ಚರ್ಚೆಯಾಯಿತು.

“ಪಾತ್ರೆ ತೊಳೀಲಿ,” ಎಂದ ಅಣ್ಣ. ಅದು ಅವನ ಪಾಲಿನ ಕೆಲಸವಾಗಿತ್ತು.

“ಮೊದ್ಲು ನಿನ್ನ ನಾಲಿಗೆ ತೊಳ್ಕೋ,” ಎಂದಳು ಅಮ್ಮ. ಅವಳು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಇಂಜಿನ್ನಿನ ಸದ್ದನ್ನು ಮೀರಿಸಿ ಮಾತಾಡುವ ಅಭ್ಯಾಸವಾಗಿ, ಮನೆಯಲ್ಲೂ ಎಲ್ಲರೂ ಹಿಂದಿನ ಸೀಟಿನಲ್ಲಿದ್ದಾರೆ ಎಂಬಂತೆಯೇ ಕೂಗುತ್ತಿದ್ದಳು. “ಇಸ್ತ್ರಿ ಬೇಡ, ಸುಟ್ಕೋತಾಳೆ. ಕತ್ತರಿ ಬೇಡ. ಒಲೆ ಹತ್ರ ಬೇಡ.”

“ಬೇಡದ್ದೆಲ್ಲ ಹೇಳಾಯ್ತು. ಬೇಕಾದ್ದು ಹೇಳು,” ಎಂದಳು ಅಜ್ಜಿ.

“ಗುಂಡಿ,” ಎಂದಳು ದೊರೆಸಾನಿ. ಎಲ್ಲರೂ ತಿರುಗಿದರು. ಅವಳು ಬಾಯಲ್ಲಿದ್ದ ಆಲೂಗಡ್ಡೆಯನ್ನು ನುಂಗಿ ಮುಗಿಸಿ, ನೀರು ಕುಡಿದು, ಆಮೇಲೆ ವಾಕ್ಯ ಪೂರೈಸಿದಳು. “ಗುಂಡಿ ನಾನು.”

ಮರುದಿನ ದರ್ಜಿ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ ಒಂದು ಸ್ಟೂಲು ಹಾಕಿದ. ಗುಂಡಿ ಬರಬೇಕಾದ ಕಡೆಯೆಲ್ಲ ಸೀಮೆಸುಣ್ಣದ ಚುಕ್ಕೆಯಿಟ್ಟು, “ಒಂದು ತೂತಲ್ಲಿ ಹೋಗ್ಬೇಕು, ಇನ್ನೊಂದು ತೂತಲ್ಲಿ ಬರ್ಬೇಕು. ಅಷ್ಟೇ ವಿದ್ಯೆ,” ಎಂದ. ಅವನಿಗೆ ಅವಸರವಿತ್ತು, ಹೊರಗೆ ಗಿರಾಕಿ ನಿಂತಿದ್ದ. ದೊರೆಸಾನಿ ಹೇಳಿದ್ದನ್ನು ಹೇಳಿದಂತೆಯೇ ಮಾಡಿದಳು. ಒಂದು ತೂತಲ್ಲಿ ಹೋಗಿ ಪಕ್ಕದ್ದರಲ್ಲಿ ಬಂದಳು, ಅದರ ಪಕ್ಕದ್ದಕ್ಕೆ ಹೋದಳು, ಹೀಗೆ ಅಂಗಳ ಸುತ್ತಿದ ಹಾಗೆ ಸುತ್ತಿ ಬಂದಾಗ ಗುಂಡಿಯ ಮೇಲೆ ಒಂದು ಪುಟ್ಟ ಚೌಕ ಮೂಡಿತ್ತು. ಜೋಡಿಗೆರೆಯೂ ಅಲ್ಲ, ಕತ್ತರಿಯೂ ಅಲ್ಲ.

“ಭೇಷ್!” ಎಂದ ದರ್ಜಿ, ಯಂತ್ರದಿಂದ ತಲೆಯೆತ್ತದೆ.

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಭೇಷ್‌ಗೆ ಬರವಿರಲಿಲ್ಲ. ದೊರೆಸಾನಿ ಬೆಳೆದಳು ಎಂದೇ ಹೇಳಬೇಕು. ತಾನೇ ಹೋಗಿ ಮೂಲೆಯಂಗಡಿಯಿಂದ ಹಾಲು ತಂದಳು. ಮೇಜಿನಲ್ಲಿ ಯಾರಾದರೂ ಅವಳ ಪರವಾಗಿ ಉತ್ತರ ಕೊಡಹೋದರೆ ಅಂಗೈ ಎತ್ತಿ ತಡೆದಳು. ಬೀದಿಯಲ್ಲಿ ಗಂಡಸರ ಮುಖ ನೋಡುವುದನ್ನು ಬಿಟ್ಟು ನೇರವಾಗಿ ಎದೆ ನೋಡತೊಡಗಿದಳು. ಬಸ್‌ಸ್ಟಾಪಿನಲ್ಲಿ ನಿಂತಿದ್ದ ಗುಮಾಸ್ತರೊಬ್ಬರಿಗೆ ದೂರದಿಂದಲೇ, “ಅದು ನಂದು. ಜೋಪಾನ,” ಎಂದು ಹೇಳಿ ಅವರು ತಮ್ಮ ಚೀಲ, ಕೊಡೆ, ಜೇಬು ಎಲ್ಲ ತಡಕಿಕೊಳ್ಳುವಂತೆ ಮಾಡಿದಳು.

ಆದರೆ ಅವಳ ಗುಂಡಿಗಳು ನಿಲ್ಲುತ್ತಿರಲಿಲ್ಲ. ಎರಡು ಸಲ ಹಾಕಿ ಬಿಚ್ಚಿದರೆ ಮೂರನೆಯ ಸಲಕ್ಕೆ ಕಳಚುತ್ತಿದ್ದವು. ದರ್ಜಿಗೆ ಅದು ಮೊದಲ ದಿನವೇ ಗೊತ್ತಾಗಿತ್ತು. ಮಗಳಿಗೆ ಹೇಳಲು ಬಾಯಿ ಬರಲಿಲ್ಲ, ಗಿರಾಕಿಗೆ ಕೊಡಲು ಕೈ ಬರಲಿಲ್ಲ. ಬೆಳಿಗ್ಗೆ ಅವಳು ಏಳುವ ಮೊದಲು ಅವಳ ಚೌಕಗಳನ್ನು ಬಿಚ್ಚಿ, ತಾನೇ ಜೋಡಿಗೆರೆಯಲ್ಲಿ ಹೊಲಿದು, ಅಂಗಿಗಳನ್ನು ಒಳಗಿನ ಕೋಣೆಗೆ ಇಸ್ತ್ರಿಗೆ ಕಳಿಸುತ್ತಿದ್ದ. ಒಂದು ಪುಟ್ಟ ಸುಳ್ಳು, ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದ.

ಎದುರಿನ ಕ್ಷೌರಿಕ ಹೊಸ ಅಂಗಿ ಹಾಕಿದ ದಿನ ಲೆಕ್ಕ ತಪ್ಪಿತು. ಅದು ನೀಲಿ ಅಂಗಿ, ಬಿಳಿ ಗುಂಡಿ. ದೊರೆಸಾನಿ ಅದಕ್ಕೆ ಇಡೀ ಮಧ್ಯಾಹ್ನ ಕೊಟ್ಟಿದ್ದಳು. ಅವಳು ಬೀದಿ ದಾಟಿ ಹೋಗಿ, ಒಬ್ಬರ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದ ಕ್ಷೌರಿಕನ ಎದೆಗೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದಳು.

“ಇದು ನಂದಲ್ಲ,” ಎಂದಳು.

“ನಿಂದಲ್ಲಮ್ಮ, ನಂದೇ. ನಿಮ್ಮಪ್ಪನಿಗೆ ದುಡ್ಡು ಕೊಟ್ಟಿದೀನಿ,” ಎಂದ ಅವನು.

“ಗುಂಡಿ ನಂದಲ್ಲ. ಕತ್ತರಿ. ಅಜ್ಜಿದು.”

ಅವಳು ಮನೆಗೆ ಬಂದು, ಇಸ್ತ್ರಿಗೆ ಕಾದು ಕೋಲಿನಲ್ಲಿ ನೇತಾಡುತ್ತಿದ್ದ ಅಂಗಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಅಲ್ಲಿ ಎಲ್ಲವೂ ಜೋಡಿಗೆರೆ. ಒಂದಾದರೂ ಚೌಕವಿಲ್ಲ. ಸೂಜಿಯನ್ನು ಡಬ್ಬಿಯಲ್ಲಿಟ್ಟಳು, ಮುಚ್ಚಳ ಹಾಕಿದಳು. ಸ್ಟೂಲನ್ನು ಎತ್ತಿ ಒಳಗೆ ಅದರ ಮೊದಲಿನ ಜಾಗದಲ್ಲಿ ಇಟ್ಟು ಬಂದಳು.

ಆ ವಾರ ಹಾಲು ಅಣ್ಣ ತಂದ. ತಟ್ಟೆ ಇಡು ಎಂದರೆ, “ಇಟ್ರೆ ತಿರುಗಿ ಇಡ್ತೀರಾ?” ಎಂದು ಕೇಳಿದಳು. ಅವಳು ಬಿಡಿಸಿದ ಚಿತ್ರವನ್ನು ಅಮ್ಮ, “ಎಷ್ಟು ಚೆನ್ನಾಗಿದೆ!” ಎಂದಾಗ ಅದನ್ನು ತಿರುವಿ ಹಿಂಬದಿ ನೋಡಿದಳು, ಅಲ್ಲಿ ಬೇರೆ ಯಾರದೋ ಚಿತ್ರ ಇದ್ದೀತು ಎಂಬಂತೆ. ಶಾಲೆಗೆ ಹೋಗಲೂ ಮನಸ್ಸು ಮಾಡಲಿಲ್ಲ. ತಲೆ ಬಾಚಲು ಬಾಚಣಿಗೆ ಕೊಟ್ಟರೆ ಅಮ್ಮನ ಕೈಗೇ ವಾಪಸು ಕೊಟ್ಟಳು. ತಾನಾಗಿ ಬಾಚಿಕೊಳ್ಳಲು ಕಲಿಯುವುದಕ್ಕೆ ಎರಡು ವರ್ಷ ಹಿಡಿದಿತ್ತು.

ಅಮ್ಮನ ವಾರದ ರಜೆಯ ದಿನ ಊಟದ ಮೇಜಿನಲ್ಲಿ ತಪಾಸಣೆ ನಡೆಯಿತು. ಟಿಕೆಟ್ ಇಲ್ಲದವರನ್ನು ಕಣ್ಣಿನಲ್ಲೇ ಗುರುತಿಸುವ ಹೆಂಗಸು ಅವಳು.

“ಯಾರು ಬಿಚ್ಚಿದ್ದು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ದರ್ಜಿ ಕೊರಳಿನ ಟೇಪು ಸರಿಮಾಡಿಕೊಂಡ. “ನಾನೇ. ಏನ್ಮಾಡ್ಲಿ? ನಿಲ್ತಾ ಇರ್ಲಿಲ್ಲ. ಗಿರಾಕಿ ಎದೆ ಬಿಟ್ಕೊಂಡು ಓಡಾಡಕ್ಕಾಗುತ್ತಾ? ದಿನಾ ಬೆಳಿಗ್ಗೆ ಎಲ್ಲಾ ಬಿಚ್ಚಿ ಹಾಕ್ತಿದ್ದೆ.”

ಅಜ್ಜಿ ಚಮಚ ಕೆಳಗಿಟ್ಟಳು. “ಎಲ್ಲಾನೂ?”

“ಎಲ್ಲಾನೂ.”

“ಹಾಗಾದ್ರೆ ಇಸ್ತ್ರಿ ಮಾಡುವಾಗ ನಾನು ಬಿಚ್ತಾ ಇದ್ದಿದ್ದು ಯಾರದ್ದು?”

ಅಜ್ಜಿಯ ಕಣ್ಣು ಮಂದವಾಗಿ ಬಹಳ ಕಾಲವಾಗಿತ್ತು, ಬೆರಳು ಮಂದವಾಗಿರಲಿಲ್ಲ. “ಮುಟ್ಟಿದ್ರೆ ಎಲ್ಲಾ ಲೊಡಲೊಡ ಅಂತಿದ್ವು. ಜೋಡಿಗೆರೆ ಇತ್ತು. ಅಪ್ಪನ ಹತ್ರ ಕಲ್ತಿದೆ ಕೂಸು, ಅದಕ್ಕೇ ಹೀಗೆ ಅಂದ್ಕೊಂಡೆ. ಪಾಪ, ಮನಸ್ಸಿಗೆ ನೋವಾಗ್ಬಾರ್ದು ಅಂತ ಸದ್ದಿಲ್ದೆ ಕತ್ತರಿ ಹಾಕಿ ಕಳಿಸ್ತಿದ್ದೆ.”

“ಅದು ಅಪ್ಪಂದು ಅಜ್ಜಿ,” ಎಂದ ಅಣ್ಣ, ತಟ್ಟೆಗೆ ಮುಖ ಬಗ್ಗಿಸಿ, ಹೆಗಲು ಕುಲುಕಿಸುತ್ತ. “ಇಪ್ಪತ್ತು ವರ್ಷದ ಅನುಭವ.”

“ನಗಬೇಡ್ವೋ,” ಎಂದ ದರ್ಜಿ. ಅವನ ಕಿವಿ ಕೆಂಪಾಗಿತ್ತು. “ನೀನೇನು ಸಾಚಾನಾ? ಇಸ್ಪೀಟಲ್ಲಿ ಅವಳ ಮುಂದೆ ಬೇಕಂತ ಸೋಲಲ್ವಾ?”

“ಮತ್ತೆ ಅಮ್ಮ? ಇವಳು ತೊಳೆದಿಟ್ಟ ಲೋಟಾನೆಲ್ಲ ಇನ್ನೊಂದ್ಸಲ ತೊಳೀತಾಳಲ್ಲ, ಅದು?” ಎಂದ ಅಣ್ಣ.

ತಪಾಸಣೆಗೆ ಬಂದವಳ ಬಳಿಯೇ ಟಿಕೆಟ್ ಇರಲಿಲ್ಲ.

ದೊರೆಸಾನಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕಿವಿ ಯಾವತ್ತೂ ನಿಧಾನವಾಗಿರಲಿಲ್ಲ. ಕೊನೆಗೆ ಅಪ್ಪನ ಕಡೆ ತಿರುಗಿ ಕೇಳಿದಳು:

“ಭೇಷ್ ಅಂದಿದ್ದು?”

ದರ್ಜಿ ಮತ್ತೆ ಕೊರಳಿನ ಟೇಪಿಗೆ ಕೈ ಹಾಕಿದ. ಅವಳು ಉಳಿದ ಮೊಟ್ಟೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಊಟ ಅರ್ಧಕ್ಕೆ ಬಿಟ್ಟೆದ್ದದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಅಮ್ಮ ಮರುದಿನ ಡ್ಯೂಟಿ ಮುಗಿಸಿ, ಟಿಕೆಟ್ ಚೀಲ ಹೆಗಲಲ್ಲಿದ್ದಂತೆಯೇ ಶಾಲೆಗೆ ಹೋದಳು. ಮಕ್ಕಳು ಮನೆಗೆ ಹೋಗಿಯಾಗಿತ್ತು. ಟೀಚರ್ ಬೆಂಚಿನ ಮೇಲೆ ಹತ್ತಿ ನಿಂತು, ಮಕ್ಕಳು ಗೋಡೆಗೆ ಅಂಟಿಸಿದ್ದ ಕಾಗದದ ಹೂಗಳನ್ನು ಕಿತ್ತು ಕಿತ್ತು ಸಾಲಾಗಿ, ನೆಟ್ಟಗೆ ಅಂಟಿಸುತ್ತಿದ್ದಳು. ಬಾಗಿಲಲ್ಲಿ ಅಮ್ಮನನ್ನು ಕಂಡು ಕೈ ಹಾಗೇ ನಿಂತಿತು.

“ನಾಳೆ ಯಾರೋ ನೋಡೋಕೆ ಬರ್ತಾರೆ...” ಎಂದಳು.

“ನಮ್ಮನೇಲೂ ಅದೇ ಆಗಿದ್ದು,” ಎಂದಳು ಅಮ್ಮ. ಆ ಒಂದು ಸಲ ಅವಳ ದನಿ ಮೆತ್ತಗಿತ್ತು.

ಎಲ್ಲ ಕೇಳಿದ ಮೇಲೆ ಟೀಚರ್ ಬೆಂಚಿನಿಂದಿಳಿದು, ಕೈಯ ಅಂಟು ಒರೆಸಿಕೊಂಡು, “ಗುಂಡಿ ಯಾಕೆ ನಿಲ್ಲಲ್ಲ ಅಂತ ಅವಳಿಗೆ ಯಾರಾದ್ರೂ ಹೇಳಿದ್ರಾ?” ಎಂದು ಕೇಳಿದಳು.

“ಹೇಗೆ ಹೇಳೋದು? ನೊಂದ್ಕೋತಾಳೆ.”

“ಈಗ ನೊಂದ್ಕೊಂಡಿಲ್ವಾ?”

ಇಬ್ಬರೂ ಗೋಡೆ ನೋಡಿದರು. ಅರ್ಧ ಗೋಡೆಯ ಹೂಗಳು ಸಿಪಾಯಿಗಳಂತೆ ನಿಂತಿದ್ದವು, ಇನ್ನರ್ಧ ಮಕ್ಕಳು ಅಂಟಿಸಿದ ಹಾಗೇ ಇದ್ದವು. ಹಾಗೇ ಇರಲಿ ಎಂದು ಟೀಚರ್ ಹೇಳಲಿಲ್ಲ, ಆದರೆ ಮತ್ತೆ ಬೆಂಚು ಹತ್ತಲಿಲ್ಲ.

ಹೇಳುವವರು ಯಾರು ಎಂಬುದು ಮುಂದಿನ ಪ್ರಶ್ನೆ. ದರ್ಜಿ ಎರಡು ದಿನ ಪ್ರಯತ್ನಿಸಿದ. “ನೋಡು ಚಿನ್ನ, ನಿನ್ನ ಗುಂಡಿ ಚೆನ್ನಾಗೇ ಇದೆ, ಆದ್ರೆ...” ಎಂದು ಆರಂಭಿಸಿ, ‘ಆದ್ರೆ’ಯ ಬುಡದಲ್ಲೇ ಪ್ರತಿಸಲವೂ ಕುಸಿದು ಕುಳಿತ. ಆ ಮನೆಯಲ್ಲಿ ಕೆಟ್ಟ ಮಾತನ್ನು ನೇರವಾಗಿ ಆಡುವ ಪ್ರತಿಭೆ ಇದ್ದದ್ದು ಒಬ್ಬಳಿಗೇ. ಒಂದು ಮಧ್ಯಾಹ್ನ ಅಜ್ಜಿ ಇಸ್ತ್ರಿಪೆಟ್ಟಿಗೆ ಆರಿಸಿ, ಒಂದು ಹಳೆಯ ಅಂಗಿಯನ್ನೂ ಗುಂಡಿಯ ಡಬ್ಬಿಯನ್ನೂ ತಂದು ಮೊಮ್ಮಗಳ ಮುಂದೆ ಇಟ್ಟಳು.

“ಒಂದು ಹಾಕು.”

“ಹಾಕಲ್ಲ.”

“ಯಾಕೆ?”

“ನೀನು ಬಿಚ್ತೀಯ.”

“ಬಿಚ್ತೀನಿ. ಆದ್ರೆ ನಿನ್ನ ಕಣ್ಣೆದುರಿಗೇ ಬಿಚ್ತೀನಿ. ಹಾಕು.”

ಇಂಥ ಕರಾರನ್ನು ಯಾರೂ ಅವಳ ಮುಂದಿಟ್ಟಿರಲಿಲ್ಲ. ದೊರೆಸಾನಿ ಅದನ್ನು ಎಲ್ಲ ಕಡೆಯಿಂದ ಪರಿಶೀಲಿಸಿ, ಸೂಜಿ ಎತ್ತಿಕೊಂಡಳು. ನಾಲಿಗೆಯ ತುದಿ ಹೊರಗೆ ಬಂತು. ದಾರ ಪೋಣಿಸುವಷ್ಟರಲ್ಲಿ ಅಜ್ಜಿಗೆ ಒಂದು ತೂಕಡಿಕೆ ಬಂದು ಹೋಯಿತು. ಕೊನೆಗೆ ಚೌಕ ಸಿದ್ಧವಾಯಿತು. ಅಜ್ಜಿ ಎರಡೇ ಬೆರಳಲ್ಲಿ ಹಿಡಿದು ಜಗ್ಗಿದಳು, ಗುಂಡಿ ಕೈಗೆ ಬಂತು.

“ಇದು ಗುಂಡಿ ಅಲ್ಲ ತಾಯಿ, ನೆಂಟ. ಬಂದ, ಕೂತ, ಎದ್ದು ಹೊರಟ.”

ದೊರೆಸಾನಿ ಅತ್ತಳು. ಕಣ್ಣೀರು ಮಾತ್ರ ಅವಳಿಗೆ ಬೇಗ ಬರುತ್ತಿತ್ತು. ಅದೇ ಹೊತ್ತಿಗೆ ಅಮ್ಮ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಳು.

“ಅತ್ತೆ! ಏನ್ ಮಾಡ್ತಿದೀರ?”

“ಪಾಠ.”

“ಮಗು ಅಳ್ತಾ ಇದೆ!”

“ಅಳ್ತಾ ಕಲೀಬಾರ್ದು ಅಂತ ಯಾರು ಹೇಳಿದ್ದು? ನಿನ್ನ ಗಂಡ ಇದೇ ಕೋಣೇಲಿ ಗೊಣ್ಣೆ ಸುರಿಸ್ಕೊಂಡು ಕಲ್ತಿದ್ದು.”

“ಅವರೂ ಇವಳೂ ಒಂದೇನಾ?”

“ಅದು ಗುಂಡಿಗೆ ಗೊತ್ತಾ?”

“ಎಲ್ಲಾದಕ್ಕೂ ಒಂದು ಮಾತು ಇಟ್ಕೊಂಡಿರ್ತೀರಿ! ಅವಳು ಮೊದಲೇ ಕುಗ್ಗಿ ಹೋಗಿದಾಳೆ. ನೀವು ಎಲ್ಲರಿಗೂ ಹೀಗೇ ಚುಚ್ಚಿ ಚುಚ್ಚಿ...”

“ಚುಚ್ಚದೆ ಹೊಲಿಯೋದು ಹೇಗಮ್ಮ?”

“ಮತ್ತೆ?” ಎಂದಳು ದೊರೆಸಾನಿ.

ಇಬ್ಬರೂ ಜಗಳ ನಿಲ್ಲಿಸಿದರು. ಅವಳು ಮೂಗನ್ನು ತೋಳಿಗೆ ಒರೆಸಿಕೊಂಡು, ಕಳಚಿದ ಗುಂಡಿಯನ್ನು ಅಜ್ಜಿಯ ಮುಂದೆ ಹಿಡಿದಿದ್ದಳು. “ಮತ್ತೆ ಹೇಗೆ?”

ಅಜ್ಜಿ ತೋರಿಸಿದಳು. ಗುಂಡಿಯನ್ನು ಬಟ್ಟೆಗೆ ಒತ್ತಿ ಹೊಲಿಯಬಾರದು, ಉಸಿರಾಡುವಷ್ಟು ಎತ್ತರ ಬಿಡಬೇಕು. ಆಮೇಲೆ ಗುಂಡಿಗೂ ಬಟ್ಟೆಗೂ ನಡುವಿನ ಆ ದಾರದ ಕುತ್ತಿಗೆಗೆ, ಚಳಿಗೆ ಮಫ್ಲರ್ ಸುತ್ತಿದ ಹಾಗೆ, ದಾರ ಸುತ್ತಬೇಕು. ಬಟ್ಟೆಯ ಬೆನ್ನಿಗೆ ಗಂಟು. ಅಮ್ಮ ಚೀಲವನ್ನೂ ಇಳಿಸದೆ ನಿಂತು ನೋಡಿದಳು.

“ಈಗ ಕತ್ತರಿ ಹಾಕು,” ಎಂದಳು ಅಜ್ಜಿ.

“ಚೌಕ.”

“ಕತ್ತರಿ ಗಟ್ಟಿ ಕಣೇ.”

“ಚೌಕ ನಂದು.”

ಈ ವಿಷಯದಲ್ಲಿ ಗಂಡನಿಗೂ ಮಗನಿಗೂ ಬಗ್ಗದ ಮುದುಕಿ, ಕುತ್ತಿಗೆ ಸುತ್ತಿದ ಚೌಕವನ್ನು ಎರಡು ಬಾರಿ ಜಗ್ಗಿ ನೋಡಿದಳು. ಎರಡನೆಯ ಬಾರಿ ಅಂಗಿಯೇ ಎದ್ದು ಬಂತು. “ಇರ್ಲಿ ಬಿಡು,” ಎಂದಳು.

ಅಲ್ಲಿಂದ ಎಲ್ಲವೂ ಸುಸೂತ್ರವಾಯಿತು ಎಂದು ಹೇಳುವಂತಿಲ್ಲ. ಕುತ್ತಿಗೆ ಸುತ್ತುವಾಗ ದಾರ ಸಿಕ್ಕುಬಿದ್ದು, ಒಂದು ದಿನ ದೊರೆಸಾನಿ ಡಬ್ಬಿಯನ್ನೇ ಎಸೆದಳು. ಅಣ್ಣ ಹೊಟ್ಟೆಯ ಮೇಲೆ ಮಲಗಿ ಬೀರುವಿನ ಕೆಳಗಿನಿಂದ ಗುಂಡಿಗಳನ್ನು ಗುಡಿಸಿ ತೆಗೆದ. ಇನ್ನೊಂದು ದಿನ ದಾರದ ಜೊತೆ ಅಂಗಿಯ ತೋಳನ್ನೂ ಕತ್ತರಿಸಿದಳು. ಆ ಬಟ್ಟೆಯ ಹಣವನ್ನು ದರ್ಜಿ ಕೈಯಿಂದ ತುಂಬಿಕೊಟ್ಟ, ಎರಡು ವಾರ ಮೊಟ್ಟೆಗೆ ರಜೆಯಾಯಿತು. ಅಜ್ಜಿ ಭೇಷ್ ಎನ್ನಲಿಲ್ಲ. ಜಗ್ಗುವಳು, ಕಿತ್ತರೆ ಹಿಂದಕ್ಕೆ ಕೊಡುವಳು, ಕೀಳದಿದ್ದರೆ ಪಕ್ಕಕ್ಕೆ ಇಡುವಳು. ಪಕ್ಕಕ್ಕೆ ಇಟ್ಟದ್ದನ್ನು ದೊರೆಸಾನಿ ಓರೆಗಣ್ಣಲ್ಲಿ ನೋಡುತ್ತಿದ್ದಳು.

ಕೆಲವು ದಿನಗಳಲ್ಲಿ ಅವಳಿಗೂ ಜಗ್ಗುವ ರುಚಿ ಹತ್ತಿತು. ಅಪ್ಪ ಹಾಕಿದ ಗುಂಡಿಯೊಂದನ್ನು ಹಿಡಿದು ಎಳೆದಳು.

“ಅಪ್ಪ. ನೆಂಟ.”

“ಏಯ್, ಅಷ್ಟು ಜೋರಾಗಿ ಎಳೆದ್ರೆ ಯಾರ್ದಾದ್ರೂ ಬರುತ್ತೆ!”

“ಅಜ್ಜಿದು ಬರಲ್ಲ.” ಅವಳು ಎಳೆದು ತೋರಿಸಿದಳು. ಒಳಗಿನಿಂದ ಅಜ್ಜಿಯ ಕೆಮ್ಮು ಕೇಳಿಸಿತು. ಅದು ಕೆಮ್ಮೇ ಎಂದು ಹೇಳುವುದು ಕಷ್ಟ. ದರ್ಜಿ ಗೊಣಗುತ್ತಲೇ ಆ ಗುಂಡಿಯನ್ನು ಮತ್ತೆ ಹೊಲಿದ, ಈ ಬಾರಿ ಕುತ್ತಿಗೆ ಸುತ್ತಿ.

ಅಮ್ಮನ ಪಾಲಿಗೆ ಬಂದದ್ದು ಲೋಟ. ಕದ್ದು ತೊಳೆಯುವುದನ್ನು ನಿಲ್ಲಿಸಿ, ಮಗಳನ್ನು ಕರೆದು, “ಇಲ್ನೋಡು, ಸೋಪು ಹೋಗಿಲ್ಲ,” ಎನ್ನಬೇಕಿತ್ತು. ತುಂಬಿದ ಬಸ್ಸಿನಿಂದ ಕುಡುಕರನ್ನು ಕೆಳಗಿಳಿಸಿದ ಗಂಟಲಿಗೆ ಆ ಒಂದು ವಾಕ್ಯ ದೊಡ್ಡದಾಯಿತು. ಮೊದಲ ಸಲ ಹೇಳಿದ ದಿನ ಸಿಂಕಿನ ಕಡೆ ಮುಖ ಮಾಡಿ ನಿಂತೇ ಹೇಳಿದಳು. ದೊರೆಸಾನಿ ಬಂದಳು, ನೋಡಿದಳು, ತೊಳೆದಳು, ಹೋದಳು. ಮರುದಿನ ಹಾಲು ತರಲು ತಾನೇ ಹೊರಟಳು.

ಸ್ಟೇಷನ್ನಿನ ಎದುರಿನ ಹೋಟೆಲಿನವರು ಮಾಣಿಗಳಿಗೆ ಬಿಳಿ ಕೋಟು ಹೊಲಿಸುತ್ತಿದ್ದರು. ಮೊದಲ ಕಂತು ಹೋಗಿತ್ತು, ಉಳಿದದ್ದಕ್ಕೆ ಬಟ್ಟೆ ಬರಬೇಕಿತ್ತು. ಬಟ್ಟೆಯ ಬದಲು ಒಂದು ಸಂಜೆ ಮ್ಯಾನೇಜರೇ ಬಂದರು. ಒಂದು ಕೈಯಲ್ಲಿ ಕೋಟು, ಇನ್ನೊಂದರಲ್ಲಿ ಕಾಗದದ ಕರವಸ್ತ್ರ. ಅದನ್ನು ಕತ್ತರಿಸುವ ಮೇಜಿನ ಮೇಲೆ ಬಿಡಿಸಿಟ್ಟರು.

“ಇದೇನು ಗೊತ್ತಾ?”

“ಗುಂಡಿ,” ಎಂದ ದರ್ಜಿ.

“ಎಲ್ಲಿ ಸಿಕ್ತು ಗೊತ್ತಾ? ಸೂಪಲ್ಲಿ. ಗಿರಾಕಿ ಚಮಚದಲ್ಲಿ ಎತ್ತಿ, ಇದು ಯಾವ ತರಕಾರಿ ಅಂತ ಕೇಳಿದ್ರು.”

ಅಣ್ಣ ಗೋಡೆಯ ಕಡೆ ತಿರುಗಿದ. ದರ್ಜಿ ಕೈ ಜೋಡಿಸಿದ. “ನನ್ನ ತಪ್ಪು ಸಾರ್. ಅವಸರದಲ್ಲಿ ನಾನೇ ಸಡಿಲ ಹಾಕಿದೆ.”

“ಅವನದ್ದಲ್ಲ,” ಎಂದಳು ಅಜ್ಜಿ ಒಳಬಾಗಿಲಿನಿಂದ. “ನಂದು. ಕಣ್ಣು ಕಾಣಲ್ಲ ನೋಡಿ.”

“ಒಂದು ಗುಂಡಿಗೆ ಎಷ್ಟು ಜನ ಹೊಲೀತೀರ ನೀವು?” ಎಂದರು ಮ್ಯಾನೇಜರ್.

ದೊರೆಸಾನಿ ಸ್ಟೂಲಿನಿಂದ ಎದ್ದು ಬಂದಳು. ಕೋಟನ್ನು ತನ್ನ ಕಡೆ ಎಳೆದುಕೊಂಡು, ಗುಂಡಿ ಕಿತ್ತ ಜಾಗವನ್ನು ನೋಡಿದಳು. ಬಟ್ಟೆಯಲ್ಲಿ ನಾಲ್ಕು ಚುಕ್ಕೆ, ಅಂಚಿನಲ್ಲಿ ದಾರದ ಚೂರು. ಪಕ್ಕದ ಗುಂಡಿಯ ಮೇಲೆ ಚೌಕ. ಎಲ್ಲರೂ ಕಾಯಬೇಕಾಯಿತು.

“ನಂದು,” ಎಂದಳು.

ಮ್ಯಾನೇಜರ್ ಅವಳ ಮುಖ ನೋಡಿದರು, ದರ್ಜಿಯನ್ನು ನೋಡಿದರು. ಜನ ಅವಳಿಗೆಂದೇ ಇಟ್ಟುಕೊಂಡಿರುವ ಆ ಮೆತ್ತನೆಯ ಮುಖ ಅವರಿಗೂ ಬಂತು. “ಓ, ನೀನು ಹಾಕಿದ್ದಾ ಪುಟ್ಟಿ? ಪರವಾಗಿಲ್ಲ ಬಿಡು. ಚೆನ್ನಾಗೇ ಹಾಕಿದೀಯ.”

“ಚೆನ್ನಾಗಿಲ್ಲ,” ಎಂದಳು ದೊರೆಸಾನಿ. “ಬಿದ್ದಿದೆ.”

ಬಟ್ಟೆಯಲ್ಲಿನ ನಾಲ್ಕು ಚುಕ್ಕೆಗಳ ಮೇಲೆ ಬೆರಳಿಟ್ಟಳು.

“ಕುತ್ತಿಗೆ ಸುತ್ತಿಲ್ಲ. ಮರೆತೆ. ಕೂತ್ಕೊಳ್ಳಿ.”

ಮ್ಯಾನೇಜರ್ ಕುಳಿತರು. ಅವಳು ಸೂಜಿಗೆ ದಾರ ಪೋಣಿಸಲು ಹೊರಟಳು. ಒಂದು ಸಲ ತಪ್ಪಿತು, ಮತ್ತೊಂದು ಸಲ ತಪ್ಪಿತು. ದರ್ಜಿಯ ಕೈ ತಾನಾಗಿ ಮೇಲೆದ್ದಿತು. ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ಅಮ್ಮ, ಫುಟ್‌ಬೋರ್ಡಿನಲ್ಲಿ ನೇತಾಡುವವರನ್ನು ನೋಡುವ ನೋಟ ನೋಡಿದಳು, ಕೈ ಇಳಿಯಿತು. ಮ್ಯಾನೇಜರ್ ಗಡಿಯಾರ ನೋಡಿದರು, ಮೆತ್ತನೆಯ ಮುಖ ಮೆಲ್ಲಗೆ ಕರಗಿ ಕೆಲಸಕ್ಕೆ ತಡವಾದ ಮನುಷ್ಯನ ಸಾಮಾನ್ಯ ಮುಖವಾಯಿತು. ದಾರ ಒಳಗೆ ಹೋಯಿತು. ಚೌಕ ಮುಗಿಯಿತು, ಕುತ್ತಿಗೆ ಸುತ್ತಿತು, ಗಂಟು ಬಿತ್ತು. ಅವಳು ಕೋಟನ್ನು ಅವರ ಮುಂದೆ ಹಿಡಿದಳು.

“ಎಳೀರಿ.”

ಅವರು ಬೆರಳು ತಾಗಿಸಿದಂತೆ ಮಾಡಿದರು.

“ಜೋರಾಗಿ.”

ಅವರು ಜೋರಾಗಿ ಎಳೆದರು. “ಗಟ್ಟಿ ಇದೆ,” ಎಂದರು.

“ಹೂಂ. ಈಗ,” ಎಂದಳು ಅವಳು. “ಉಳಿದ ಕೋಟೂ ತನ್ನಿ. ನೋಡ್ಬೇಕು.”

ಮ್ಯಾನೇಜರ್ ಆಗಲಿ ಎಂದು ಕೋಟನ್ನು ಮಡಿಸಿಕೊಂಡು ಹೋದರು. ಉಳಿದ ಕೋಟುಗಳು ಬರಲಿಲ್ಲ, ಎರಡನೆಯ ಕಂತನ್ನು ಹೋಟೆಲಿನವರು ಬೇರೆ ದರ್ಜಿಗೆ ಕೊಟ್ಟರು. ಮರುದಿನ ದೊರೆಸಾನಿ ಅಮ್ಮನ ಜೊತೆ ಕೆಲಸ ಮಾಡುವ ಬಸ್ ಡ್ರೈವರುಗಳ ಅಂಗಿಗಳಿಗೆ ಗುಂಡಿ ಹೊಲಿದಳು. ಯಾರೂ ಬಿಚ್ಚಲಿಲ್ಲ.